ದೇವದಾಸಪ್ಪನ ಒಪ್ಪೊತ್ತು

ದೇವದಾಸಪ್ಪನಿಗೆ ಒಂದು ಚಾಳಿಯಿತ್ತು. ಯಾರೂ ಕೇಳದಿದ್ದರೂ ತಾನು ಯಾರೆಂದು ಹೇಳಿಕೊಳ್ಳುವುದು. ಗೌರಿಬಿದನೂರು ಸಂತೆಯಲ್ಲಿ ಬದನೆಕಾಯಿ ಆರಿಸಲು ಕುಕ್ಕರುಗಾಲಲ್ಲಿ ಕುಳಿತರೂ ಸರಿ, ರೈಲಿನಲ್ಲಿ ಪಕ್ಕದವನು ಕೊಂಚ ಸರಿದು ಜಾಗ ಬಿಟ್ಟರೂ ಸರಿ, ಛತ್ರಿಯನ್ನು ಕಂಕುಳಿಗೆ ಸಿಕ್ಕಿಸಿ ಎರಡೂ ಕೈ ಮುಗಿದು, "ನಾನು ದೇವದಾಸಪ್ಪ. ಯೇಸುಸ್ವಾಮಿ ಒಕ್ಕಲು. ತೊಂಡೇಬಾವಿ ಪಕ್ಕದ ಕೇರೀಲಿ ಉಪದೇಶಿ" ಎನ್ನುತ್ತಿದ್ದ. ಇವನು ಯಾವ ದೇವರ ಒಕ್ಕಲಾದರೆ ಬದನೆಕಾಯಿಯವಳಿಗೆ ಏನಾಗಬೇಕಿತ್ತು ಹೇಳಿ! ಆದರೂ ಹೇಳಲೇಬೇಕು. ಹೇಳದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

ಉಪದೇಶಿಯೆಂದರೆ ದೊಡ್ಡ ಹುದ್ದೆಯೇನಲ್ಲ. ಪಾದ್ರಿ ಅಯ್ಯನವರು ಚಿಕ್ಕಬಳ್ಳಾಪುರದಿಂದ ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದರು. ಮಿಕ್ಕ ದಿನವೆಲ್ಲ ಕೇರಿಯ ಹೆಂಚಿನ ಪ್ರಾರ್ಥನೆಮನೆಯನ್ನು ನೋಡಿಕೊಳ್ಳುವವನು ಇವನೇ. ಭಾನುವಾರ ಬೋಧನೆ, ಸತ್ತವರಿಗೆ ಮಣ್ಣು, ಮಕ್ಕಳಿಗೆ ಅಕ್ಷರ, ಗಂಡಹೆಂಡಿರ ಜಗಳಕ್ಕೆ ಪಂಚಾಯ್ತಿ, ಎಲ್ಲವೂ ಅವನದೇ ಪಾಲು. ಪ್ರಾರ್ಥನೆಮನೆಗೆ ಗಂಟೆಯಿರಲಿಲ್ಲ. ಮುಂದಿನ ಬೇವಿನ ಮರಕ್ಕೆ ರೈಲು ಕಂಬಿಯ ತುಂಡೊಂದನ್ನು ತೂಗುಹಾಕಿ, ಕಬ್ಬಿಣದ ಸರಳಿನಿಂದ ಬಾರಿಸುತ್ತಿದ್ದ. ಠಣ್ ಎಂದರೆ ಸ್ಟೇಷನ್ನಿನವರೆಗೂ ಕೇಳಬೇಕು, ಹಾಗೆ ಬಾರಿಸುವನು. "ನಮ್ಮ ಸ್ವಾಮಿ ಕದ್ದುಮುಚ್ಚಿ ಕರೆಯೋನಲ್ಲ" ಎಂಬುದು ಅವನ ಸಮಜಾಯಿಷಿ.

ಊಟದ ಮುಂದೆ ಕೂತರೂ ಅದೇ ಗಂಟಲು. ತಟ್ಟೆಯ ಮೇಲೆ ಕೈಚಾಚಿ, ಕಣ್ಣು ಮುಚ್ಚಿ, ಬೀದಿಗೆ ಕೇಳುವಂತೆ ಹೇಳುವನು: "ಅಪ್ಪಾ, ಬೆಳೆದವರ ಕೈ ನೋಯದಿರಲಿ, ಬೇಯಿಸಿದವರ ಕಣ್ಣು ಉರಿಯದಿರಲಿ. ಹಸಿದವರಿಗೆ ಮೊದಲು ಕೊಡು, ಆಮೇಲೆ ನಮಗೆ ಕೊಡು. ಆಮೆನ್." ಈ ಪ್ರಾರ್ಥನೆ ಯಾವ ಪುಸ್ತಕದ್ದೂ ಅಲ್ಲ, ಅವನೇ ಕಟ್ಟಿಕೊಂಡದ್ದು. ಅದನ್ನು ಹೇಳದೆ ಜನ್ಮದಲ್ಲಿ ತುತ್ತು ಬಾಯಿಗಿಟ್ಟವನಲ್ಲ.

ಅವನ ಒಬ್ಬಳೇ ಮಗಳು ಕೃಪಾವತಿಗೆ ಇದೆಲ್ಲ ತಲೆ ತಗ್ಗಿಸುವ ಸಂಗತಿ. ಚಿಕ್ಕವಳಿದ್ದಾಗ ಸಂತೆಗೆ ಅಪ್ಪನ ಜೊತೆ ಹೋಗಿದ್ದಳು. ಎಂದಿನಂತೆ ಅಪ್ಪ ಕೈಮುಗಿದು ಹೆಸರು ಹೇಳಿಕೊಂಡ ಕೂಡಲೇ ಹುರಿಗಡಲೆ ಅಂಗಡಿಯವನು, "ಓಹೋ, ಹಾಲುಪುಡಿ ಕಿರಸ್ತಾನರು!" ಎಂದು ಮಿಷನ್ನಿನ ಹಾಲುಪುಡಿಗೆ ಮತ ಬದಲಿಸಿದವರೆಂದು ಹಂಗಿಸಿ ನಾಲ್ಕು ಜನಕ್ಕೆ ಕೇಳುವಂತೆ ನಕ್ಕ. ಅಪ್ಪನಿಗೆ ಸಿಟ್ಟೇ ಬರಲಿಲ್ಲ. "ಹೌದಪ್ಪಾ, ಹಾಲುಪುಡೀನೂ ಕುಡಿದಿದೀನಿ, ನಿನ್ನಂಥೋರ ಹತ್ರ ಬೈಗಳೂ ತಿಂದಿದೀನಿ. ಎರಡೂ ಅರಗಿದಾವೆ. ಮನೆ ಕಡೆ ಬಾ, ನಿಂಗೂ ಒಂದು ಲೋಟ ಕಾಸಿಕೊಡ್ತೀನಿ" ಎಂದ. ಅಂಗಡಿಯವನೂ ನಕ್ಕು ಒಂದು ಹಿಡಿ ಕಡಲೆ ಹೆಚ್ಚಿಗೆ ಹಾಕಿದ. ಎಲ್ಲರೂ ನಕ್ಕರು, ಅವಳೊಬ್ಬಳನ್ನು ಬಿಟ್ಟು. ಅಪ್ಪನಿಗೆ ಅರಗಿದ್ದು ಮಗಳಿಗೆ ಅರಗಲಿಲ್ಲ.

ಮುಂದೆ ಅವಳು ಮಿಷನ್ನಿನವರ ಕೈಯಲ್ಲಿ ಹೆರಿಗೆ ಮಾಡಿಸುವ ವಿದ್ಯೆ ಕಲಿತಳು. ಐವತ್ತೆಂಟರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಗೆ ಸರ್ಕಾರಿ ಮಿಡ್‌ವೈಫ್ ಆಗಿ ಹಾಕಿದರು. ಹೊರಡುವ ದಿನ ಅಪ್ಪ ಟ್ರಂಕು ಹೊತ್ತು ಸ್ಟೇಷನ್ನಿಗೆ ಬಂದ. "ನಂದು ದೇವರ ಕರೆ, ನಿಂದೂ ಕರೇನೇ ಕಣಮ್ಮಾ. ನಾನು ಹೋಗೋರನ್ನ ಸಾಗಹಾಕ್ತೀನಿ, ನೀನು ಬರೋರನ್ನ ಕರ್ಕೋತೀಯ. ನೋಡು, ಅಲ್ಲಿ ಹೋಗಿ ನೀನು ಉಪದೇಶ ಹೇಳೋದೇನೂ ಬೇಡ. ಯಾರ ಮಗಳು ಅಂತ ಕೇಳಿದ್ರೆ ಹೇಳು. ಅಷ್ಟು ಸಾಕು" ಎಂದ.

ಅವನು ಮಗಳಿಂದ ಕೇಳಿದ್ದು ಅದೊಂದೇ.

ದಿಬ್ಬೂರಹಳ್ಳಿಯಲ್ಲಿ ಅವಳಿಗೆ ಮನೆ ಸಿಕ್ಕಿದ್ದು ಚೆನ್ನರಾಯಪ್ಪನ ಹಿತ್ತಲಿನಲ್ಲಿ. ಊರಿನ ದೊಡ್ಡ ಒಕ್ಕಲು ಅವರು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳ ಸಾಕುವುದಕ್ಕೆಂದೇ ಬೇರೆ ಮನೆ. ಆ ಹುಳದ ಮನೆಗೆ ಕಂಡಕಂಡವರು ಕಾಲಿಡುವಂತಿಲ್ಲ. ಮೈಲಿಗೆಯಾದರೆ ಹುಳಕ್ಕೆ ಸುಣ್ಣಕಟ್ಟು ರೋಗ ಬಂದು ಬೆಳೆಗೆ ಬೆಳೆಯೇ ಹೋಗುತ್ತದೆಂದು ನಂಬಿದ ಜನ. ಚೆನ್ನರಾಯಪ್ಪನ ಹೆಂಡತಿ ವೆಂಕಟರತ್ನಮ್ಮ ಬಾಗಿಲಲ್ಲಿ ನಿಂತು ಕೇಳಿದಳು: "ಯಾವ ಕಡೆಯೋರಮ್ಮಾ ನೀವು?"

ಯಾರ ಮಗಳೆಂದು ಹೇಳುವ ಹೊತ್ತು ಅದೇ ಆಗಿತ್ತು. ಕೃಪಾವತಿ ಹೇಳಿದ್ದು: "ಗೌರಿಬಿದನೂರು ಕಡೆ. ಬೇಸಾಯದೋರು."

ಸುಳ್ಳೇನಲ್ಲ. ಕೇರಿಯವರೆಲ್ಲ ಹೊಲದಲ್ಲಿ ದುಡಿಯುವವರೇ. ಮಿಕ್ಕದ್ದನ್ನು ವೆಂಕಟರತ್ನಮ್ಮನೇ ತುಂಬಿಕೊಂಡಳು. ಮಾರನೆಯ ವಾರ ಕೃಪಾವತಿ ಶಿಡ್ಲಘಟ್ಟದಲ್ಲಿ ಒಂದು ಕುಂಕುಮದ ಭರಣಿ ಕೊಂಡಳು. ಹುಟ್ಟಿದಾಗಿನಿಂದ ಬರಿದಾಗಿದ್ದ ಹಣೆಗೆ ಬೊಟ್ಟು ಬಂತು. ಕನ್ನಡಿಯಲ್ಲಿ ನೋಡಿಕೊಂಡು, "ಇದರಲ್ಲೇನು, ಹೆರಿಗೆಗೆ ಕರೆಯೋ ಹೆಂಗಸರಿಗೆ ಹೆದರಿಕೆ ಆಗಬಾರದು ನೋಡು" ಎಂದು ತನಗೆ ತಾನೇ ಹೇಳಿಕೊಂಡಳು. ನೆಪಕ್ಕೆ ಬರವೇ!

ಊರು ಅವಳನ್ನು ಎತ್ತಿ ಮುದ್ದಾಡಿತು. ನರ್ಸಮ್ಮ ಎಂದರೆ ಕೈಗುಣದವಳು ಎಂದಾಯಿತು. ವೆಂಕಟರತ್ನಮ್ಮನ ಅತ್ತೆ ಮುದುಕಿ ಆಂಜಿನಮ್ಮ ಆಂಧ್ರದ ಗಡಿಯವಳು, ಬಾಯ್ತುಂಬ ತೆಲುಗು; "ರಾ ತಲ್ಲೀ" ಎಂದು ಪಕ್ಕಕ್ಕೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ಹುಳದ ಮನೆಗೂ ಕರೆದೊಯ್ದಳು. ತಟ್ಟೆಯಲ್ಲಿ ಸೊಪ್ಪು ಮೇಯುವ ಹುಳಗಳ ಸದ್ದು ಕೇಳುತ್ತ ನಿಂತಾಗಲೆಲ್ಲ ಕೃಪಾವತಿ ಸೆರಗು ಬಿಗಿದುಕೊಳ್ಳುತ್ತಿದ್ದಳು. ಸೆರಗಿನಲ್ಲಿ ಕೆಂಡ ಕಟ್ಟಿಕೊಂಡವಳ ಬಾಳು ಅದು. ಮೇಲೆ ನಗು, ಒಳಗೆ ಯಾವಾಗ ಹೊತ್ತೀತೋ ಎಂಬ ಭಯ.

ಊರಿಗೆ ಹೋಗುವಾಗ ಗೌರಿಬಿದನೂರು ಬರುವ ಮುಂಚೆ ಬಸ್ಸಿನಲ್ಲೇ ಸೆರಗಿನ ಒಳಮಗ್ಗುಲಿಂದ ಹಣೆ ಒರೆಸಿಕೊಳ್ಳುವಳು. ವಾಪಸು ಬರುವಾಗ ಶಿಡ್ಲಘಟ್ಟದಲ್ಲಿ ಇಳಿದು ಮತ್ತೆ ಇಟ್ಟುಕೊಳ್ಳುವಳು. ಒಂದು ಸಲ ಅಮ್ಮ ಸಾರಮ್ಮ ಅವಳ ಸೀರೆ ಒಗೆಯುತ್ತ ಸೆರಗಿನ ಒಳಗಿನ ಕೆಂಪು ಕಲೆ ಉಜ್ಜುತ್ತ ಬಹಳ ಹೊತ್ತು ಕುಳಿತಿದ್ದಳು. "ಇದೇನೇ ಇದು?" ಎಂದಳು. "ಔಷಧಿ ಅಮ್ಮಾ" ಎಂದಳು ಮಗಳು. ಅಮ್ಮ ಮತ್ತೆ ಕೇಳಲಿಲ್ಲ. ಕಲೆಯೂ ಪೂರ್ತಿ ಹೋಗಲಿಲ್ಲ.

ಐವತ್ತೊಂಬತ್ತರ ಕ್ರಿಸ್ಮಸ್ಸಿಗೆ ಅವಳು ಊರಿಗೆ ಹೋಗಲಿಲ್ಲ. ಹೆರಿಗೆಯಿದೆಯೆಂದು ಹೇಳಿಕಳಿಸಿದಳು. ಹೆರಿಗೆಯೇನೂ ಇರಲಿಲ್ಲ. ಆ ದಿನ ವೆಂಕಟರತ್ನಮ್ಮ "ರಜಾ ಯಾತಕ್ಕಮ್ಮಾ?" ಎಂದು ಕೇಳಿಯಾಳೆಂಬ ಅಂಜಿಕೆ, ಅಷ್ಟೆ. ಹಬ್ಬದ ಬೆಳಿಗ್ಗೆ ಬಾಗಿಲು ಹಾಕಿಕೊಂಡು, ಬೇವಿನ ಮರದ ಕೆಳಗೆ ಕಂಬಿ ಬಾರಿಸುತ್ತಿರುವ ಅಪ್ಪನನ್ನು ನೆನೆದು ಅತ್ತಳು. ಆಮೇಲೆ ಮುಖ ತೊಳೆದು ಬೊಟ್ಟಿಟ್ಟುಕೊಂಡು ನೀರು ತರಲು ಹೋದಳು.

ಮಗಳು ಬರದಿದ್ದರೇನು, ಅಪ್ಪನಿಗೆ ಕಾಲಿಲ್ಲವೇ? ಹೊಸ ವರ್ಷದ ಮಾರನೆ ದಿನ, ಶನಿವಾರ, ಕೋಳಿ ಕೂಗುವ ಮುಂಚೆ ಎದ್ದು, ರೈಲು ಹಿಡಿದು, ಬಸ್ಸು ಬದಲಿಸಿ ಬದಲಿಸಿ ಮಧ್ಯಾಹ್ನಕ್ಕೆ ದಿಬ್ಬೂರಹಳ್ಳಿಯಲ್ಲಿ ಇಳಿದ.

ಆಗ ಅವರೆಕಾಯಿಯ ಕಾಲ. ಜಗಲಿಯಲ್ಲಿ ಕೃಪಾವತಿ, ವೆಂಕಟರತ್ನಮ್ಮ ಕಾಯಿ ಸುಲಿಯುತ್ತಿದ್ದರು. ಆಂಜಿನಮ್ಮ ನೆನೆದ ಕಾಳನ್ನು ಹಿದುಕಿ ಬೇಳೆ ಬಟ್ಟಲಿಗೆ ಹಾಕುತ್ತಿದ್ದಳು. ಓಣಿಯ ತಿರುವಿನಲ್ಲಿ ಬಿಳಿ ಜುಬ್ಬ ಕಾಣಿಸಿತು. ಆಮೇಲೆ ಛತ್ರಿ, ಆಮೇಲೆ ಬಟ್ಟೆ ಚೀಲ. ಕೃಪಾವತಿಯ ಕೈಯ ಕಾಯಿ ಕೈಯಲ್ಲೇ ಉಳಿಯಿತು. ಅಪ್ಪ ಮಗಳನ್ನು ಕಂಡು ಮುಖವೆಲ್ಲ ಅರಳಿಸಿಕೊಂಡು ಬಂದವನು, ಜಗಲಿಯ ಕೆಳಗೆ ನಿಂತು ಛತ್ರಿಯನ್ನು ಕಂಕುಳಿಗೆ ಸಿಕ್ಕಿಸಿ ಮನೆಯವರಿಗೆ ಕೈಮುಗಿದ. ಬಾಯಿ ತೆರೆದ. ಏನು ಹೇಳಲು ತೆರೆದನೆಂದು ಅವಳಿಗೆ ಗೊತ್ತಿಲ್ಲವೇ?

"ನಾನು..."

"ನಮ್ಮಪ್ಪ ಅಕ್ಕಾ" ಎಂದು ಅವಳು ಎದ್ದೇಬಿಟ್ಟಳು. "ನರಸಿಂಹಪ್ಪ ಅಂತ."

ಅದು ಅಜ್ಜನ ಹೆಸರು. ಅಜ್ಜ ದೀಕ್ಷಾಸ್ನಾನ ಪಡೆದ ದಿನ ಬಿಟ್ಟುಬಂದ ಹೆಸರು. ಬಾಯಿಗೆ ಅದೇ ಯಾಕೆ ಬಂತೋ ಆ ದೇವರೇ ಬಲ್ಲ.

ಅಪ್ಪ ತೆರೆದ ಬಾಯಿ ಹಾಗೇ ಹಿಡಿದು ಮಗಳ ಮುಖ ನೋಡಿದ. ಆಗ ಅವನ ಕಣ್ಣಿಗೆ ಹಣೆಯ ಬೊಟ್ಟು ಬಿತ್ತು. ಮುಗಿದ ಕೈ ಇಳಿಸದೆ ಒಂದು ಗಳಿಗೆ ನಿಂತಿದ್ದ. ಬೇಡಪ್ಪಾ, ಬೇಡಪ್ಪಾ ಎಂದು ಅವಳ ಕಣ್ಣು ಅಂಗಲಾಚುತ್ತಿತ್ತು.

"ಹೌದು ತಾಯೀ" ಎಂದ ದೇವದಾಸಪ್ಪ. "ನರಸಿಂಹಪ್ಪ."

ವೆಂಕಟರತ್ನಮ್ಮ ಸಂಭ್ರಮದಿಂದ ಎದ್ದಳು. ನರ್ಸಮ್ಮನ ತಂದೆ ಮೊದಲ ಸಲ ಬಂದಿರುವುದು. ಕಾಲಿಗೆ ನೀರು ಕೊಟ್ಟರು, ನಡುಮನೆಗೆ ಕರೆದರು, ಎಲೆ ಹಾಕಿದರು. ಹಿದಕಿದ ಬೇಳೆ ಸಾರಿನ ಘಮ ಮನೆ ತುಂಬಿತ್ತು. ಹೊಟ್ಟೆಗೆ ಏನೂ ಇಲ್ಲದೆ ಹೊರಟು ಬಂದ ಮನುಷ್ಯ, ಎಲೆಯ ಮುಂದೆ ಕುಳಿತು ನೀರು ಚಿಮುಕಿಸಿ ತೊಳೆದ. ಅವನ ಬಲಗೈ ತಾನಾಗಿ ಎಲೆಯ ಮೇಲಕ್ಕೆ ಬಂತು, ರೆಪ್ಪೆ ಮುಚ್ಚಿತು. ಹತ್ತಿರ ನಿಂತಿದ್ದ ಕೃಪಾವತಿ ಕಂಬವನ್ನು ಹಿಡಿದುಕೊಂಡಳು. ಇನ್ನೊಂದು ಕ್ಷಣಕ್ಕೆ ಆ ಗಂಟಲು ಬೀದಿಗೆ ಕೇಳುತ್ತದೆ, ತನ್ನ ಮನೆ, ಮಾನ, ಮುದುಕಿಯ ಪ್ರೀತಿ ಎಲ್ಲ ಇಲ್ಲಿಗೆ ಮುಗಿಯಿತು.

ಅವನು ಕಣ್ಣು ಬಿಟ್ಟ. ಮಗಳನ್ನು ನೋಡಿದ. ಕೈಯನ್ನು ಮೆಲ್ಲಗೆ ತೊಡೆಯ ಮೇಲಕ್ಕೆ ತೆಗೆದುಕೊಂಡ. ಮುದ್ದೆ ತಂದ ವೆಂಕಟರತ್ನಮ್ಮನಿಗೆ, "ತಪ್ಪು ತಿಳಿಯಬೇಡಿ ತಾಯೀ. ಇವತ್ತು ಶನಿವಾರ ಅಂಬೋದೇ ಮರೆತಿದ್ದೆ. ನಂಗೆ ಒಪ್ಪೊತ್ತು. ಬೆಳಿಗ್ಗೇನೇ ಉಂಡಿದೀನಿ" ಎಂದು ಎಲೆ ಬಿಟ್ಟು ಎದ್ದ.

ಹೆಸರು ಬಿಟ್ಟುಕೊಟ್ಟವನಿಗೆ ಆ ಪ್ರಾರ್ಥನೆ ಬಿಟ್ಟು ಉಣ್ಣಲು ಮಾತ್ರ ಆಗಲಿಲ್ಲ. ಅದಕ್ಕೆ ಊಟವನ್ನೇ ಬಿಟ್ಟ.

"ನಮ್ಮ ಯಜಮಾನರೂ ಶನಿವಾರ ಒಪ್ಪೊತ್ತೇ ಇರ್ತಿದ್ರು ನಾಯನಾ" ಎಂದು ಆಂಜಿನಮ್ಮ ಕೈಮುಗಿದಳು. "ದೈವಭಕ್ತರು!"

ಕೃಪಾವತಿಗೆ ಆಗ ಅನ್ನಿಸಿದ್ದು ಏನು ಗೊತ್ತೇ? ಸದ್ಯ, ಬದುಕಿದೆ ಎಂದು. ಅಪ್ಪ ಹಸಿದಿದ್ದಾನೆ ಎಂದಲ್ಲ. ಆಮೇಲೆ ಬಾಳೆಲ್ಲ ನೆನೆನೆನೆದು ಸುಟ್ಟುಕೊಂಡದ್ದು ಆ ಒಂದು ನಿಟ್ಟುಸಿರನ್ನೇ.

ಒಂದು ಲೋಟ ನೀರು ಕುಡಿದು, ಅಮ್ಮ ಕಳಿಸಿದ್ದ ಕಜ್ಜಾಯ ಕರ್ಜಿಕಾಯಿಯ ಚೀಲ ಕೊಟ್ಟು, ಅಪ್ಪ ಬಂದ ದಾರಿಗೇ ಹೊರಟ. ಬಸ್ಸು ನಿಲ್ಲುವ ಹುಣಸೆ ಮರದವರೆಗೂ ಅವಳು ಜೊತೆಗೆ ಹೋದಳು.

"ಕೋನಪ್ಪನ ಅಂಗಡೀಲಿ ಒಂದು ಬನ್ನಾದ್ರೂ ತಿನ್ನಪ್ಪಾ, ಟೀ ಕುಡಿ."

"ಬೇಡಮ್ಮಾ, ಆ ಕಡೆಗೆ ಹೋಗೋದು ಬೇಡ" ಎಂದು ಅವನು ಅಂಗಡಿಗೆ ಬೆನ್ನು ಹಾಕಿ ನಿಂತ. ಕೋಪ ಬಂದಿದೆ ಎಂದುಕೊಂಡಳು ಅವಳು.

"ಇಲ್ಲಿ ಹೇಳಕಾಗಲ್ಲಪ್ಪಾ. ಹುಳದ ಮನೆಯೋರು. ನಿಂಗೆ ಅರ್ಥ ಆಗಲ್ಲ."

"ಅರ್ಥ ಆಯ್ತು ಕಣಮ್ಮಾ" ಎಂದ. ಅವಳ ತಲೆ ಸವರಿದ. "ಹೆದರಿಕೊಂಡು ಬದುಕೋದು ಕಷ್ಟ. ಹುಷಾರಾಗಿರು."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬಸ್ಸು ಬಂತು, ಹತ್ತಿದ. ಪಕ್ಕದವನಿಗೆ ಕೈಮುಗಿಯಲಿಲ್ಲ, ಹೆಸರು ಹೇಳಿಕೊಳ್ಳಲಿಲ್ಲ. ಛತ್ರಿಯನ್ನು ಮೊಣಕಾಲ ನಡುವೆ ಹಿಡಿದು ಸುಮ್ಮನೆ ಕುಳಿತ.

ಅದಾದ ಮೇಲೆ ಅವಳು ಅಪ್ಪನನ್ನು ಕಂಡದ್ದು ಒಂದೇ ಸಲ, ಬೇಸಿಗೆಯಲ್ಲಿ, ಒಂದು ಬುಧವಾರ. ಭಾನುವಾರ ಹೋಗಿ ಅವನ ಬೋಧನೆಯ ಮುಂದೆ ಕೂರಲು ಅವಳಿಗೆ ಮುಖವಿರಲಿಲ್ಲ. ಅಪ್ಪ ಇಳಿದುಹೋಗಿದ್ದ. ಊಟದ ಮುಂದೆ ಪ್ರಾರ್ಥನೆ ಹೇಳಿದ, ಆದರೆ ದನಿ ತಟ್ಟೆ ದಾಟಲಿಲ್ಲ. ವಯಸ್ಸಾಯಿತು ಎಂದುಕೊಂಡಳು. ಕ್ಷಮಿಸಪ್ಪಾ ಎಂದು ಒಂದು ಮಾತು ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಮುಂದಿನ ಸಲ ಕೇಳೋಣ ಎಂದು ನುಂಗಿದಳು. ಮಳೆಗಾಲ ಕಳೆಯುವ ಹೊತ್ತಿಗೆ ತಂತಿ ಬಂತು. ಜ್ವರ ಎದೆಗೆ ಇಳಿದು ಅಪ್ಪ ತೀರಿಕೊಂಡಿದ್ದ. ಮುಂದಿನ ಸಲವೆಂಬುದು ಇರಲೇ ಇಲ್ಲ.

ಮಣ್ಣು ಕೊಡುವ ಹೊತ್ತಿಗೆ ಕೃಪಾವತಿಗೆ ಏನೋ ಸರಿಯಿಲ್ಲವೆನಿಸಿತು. ಊರಿನ ಸತ್ತವರನ್ನೆಲ್ಲ ಮಣ್ಣಿಗೆ ಸೇರಿಸಿದವನ ಗುಂಡಿಯ ಸುತ್ತ ಬೆರಳೆಣಿಕೆಯ ಜನ ನಿಂತಿದ್ದರು. ಯಾರೋ ಹೊಸ ಹುಡುಗ ಉಪದೇಶಿಯಾಗಿ ನಿಂತು ಪುಸ್ತಕ ನೋಡಿ ಓದಿದ. ಹಿಂದಿನಿಂದ ಪಿಸುಮಾತು ಕೇಳಿಸಿತು: "ಅರ್ಜಿ ಹಾಕಿದ್ನಲ್ಲ, ಜಮೀನು ಬಂತಾ?" "ಎಲ್ಲಿ ಬಂತು! ಇತ್ಲಾಗೂ ಇಲ್ಲ, ಅತ್ಲಾಗೂ ಇಲ್ಲ."

ಸಭೆಯ ಹಿರಿಯ ಜ್ಞಾನಪ್ಪ ಅವಳನ್ನು ಬೇವಿನ ಮರದ ಕೆಳಗೆ ಕರೆದು ಹೇಳಿದ. "ನಿಂಗೆ ಗೊತ್ತಿಲ್ವೇನಮ್ಮಾ? ಜನವರಿ ಮೊದಲನೇ ಭಾನುವಾರ. ಹಿಂದಿನ ದಿನ ನಿನ್ನ ನೋಡ್ಕೊಂಡು ಬಂದಿದ್ನಲ್ಲ, ಅದರ ಮಾರನೇ ದಿನಾನೇ. ಕಂಬಿ ಬಾರಿಸಿದ, ಒಳಗೆ ಬಂದ, ಬೋಧನೆ ಜಾಗದಲ್ಲಿ ನಿಂತ. 'ನಾನು ನಿನ್ನೆ ನನ್ನ ಒಡೆಯನ ಹೆಸರು ಬಿಟ್ಟು ಹಳೇ ಹೆಸರು ಹೇಳ್ಕೊಂಡೆ. ಯಾಕೆ ಅಂತ ಕೇಳಬೇಡಿ, ಹೇಳಕಿಲ್ಲ. ಆ ಬಾಯಿಂದ ಇನ್ನು ನಿಮಗೆ ಬೋಧನೆ ಹೇಳೋದು ನ್ಯಾಯ ಅಲ್ಲ' ಅಂದ. ಇಳಿದು ಹೋಗಿ ಬಾಗಿಲ ಹತ್ರ ಚಪ್ಪಲಿ ಬಿಡೋ ಜಾಗದಲ್ಲಿ ಕೂತ. ಸಾಯೋ ತನಕ ಅಲ್ಲೇ ಕೂರ್ತಿದ್ದ."

"ಪಾದ್ರಿ ಅಯ್ಯನೋರು?"

"ಬಂದ್ರು, ಕೇಳಿದ್ರು, ಬೇಡ್ಕೊಂಡ್ರು. ಬಾಯಿ ಬಿಡಲಿಲ್ಲ. ಕಂಬಿ ಮಾತ್ರ ಬಾರಿಸ್ತೀನಿ, ಅದಕ್ಕೆ ಬಾಯಿ ಬೇಕಿಲ್ಲ ಅಂದ. ಜನಕ್ಕೆ ಏನಮ್ಮಾ, ಆಡಕ್ಕೆ ಒಂದು ಮಾತು ಬೇಕು. ಕಿರಸ್ತಾನರಾದ್ರೆ ಸರ್ಕಾರದ ಜಮೀನು ಸಿಗಕಿಲ್ಲ ನೋಡು, ಅದಕ್ಕೆ ಹಳೇ ಹೆಸರಲ್ಲಿ ದರ್ಖಾಸ್ತು ಹಾಕಿದಾನೆ, ಜಮೀನಿನಾಸೆಗೆ ದೇವರನ್ನ ಮಾರ್ಕೊಂಡ ಅಂದ್ರು. ಎದುರಿಗೇ ಅಂದ್ರು. ಸುಮ್ಮನೆ ಕೇಳ್ಕೊಂಡ."

ಜ್ಞಾನಪ್ಪ ಕಣ್ಣೊರೆಸಿಕೊಂಡು ಅವಳನ್ನೇ ನೋಡಿದ. "ನಿಂಗೇನಾದ್ರೂ ಗೊತ್ತಾ ತಾಯೀ?"

ಮಣ್ಣು ಇನ್ನೂ ಹಸಿಯಾಗಿತ್ತು. ಸತ್ತವನ ಹೆಸರು ತೊಳೆಯುವುದಕ್ಕೆ ಒಂದು ಮಾತು ಸಾಕಾಗಿತ್ತು. ಕೃಪಾವತಿ ತಲೆ ಅಲ್ಲಾಡಿಸಿದಳು, ಇಲ್ಲವೆಂದು. ಅಯ್ಯೋ ಪಾಪಿ, ಆಗಲೂ!

ದಿಬ್ಬೂರಹಳ್ಳಿಗೆ ವಾಪಸು ಹೊರಟವಳು ಶಿಡ್ಲಘಟ್ಟದಲ್ಲಿ ಇಳಿದಾಗ ರೂಢಿಯಂತೆ ಭರಣಿ ಕೈಗೆತ್ತಿಕೊಂಡಳು. ಮುಚ್ಚಳ ತೆರೆದಳು. ಹಾಗೇ ಮುಚ್ಚಿ ಚೀಲದೊಳಗೆ ಹಾಕಿ, ಬರಿ ಹಣೆಯಲ್ಲೇ ಊರು ಹೊಕ್ಕಳು. ಸಾವಿನ ಮನೆಯಿಂದ ಬಂದವಳು, ಅದಕ್ಕೇ ಇರಬೇಕೆಂದು ಯಾರೂ ಕೇಳಲಿಲ್ಲ.

ಎರಡು ದಿನ ಬಿಟ್ಟು ವೆಂಕಟರತ್ನಮ್ಮ ಅವಳನ್ನು ಊಟಕ್ಕೆ ಕರೆದಳು. "ಒಲೆ ಹಚ್ಚಿಲ್ಲ ನೀನು, ನಂಗೆ ಗೊತ್ತು. ಬಾ, ಎರಡು ತುತ್ತು ಉಣ್ಣು." ಅದೇ ನಡುಮನೆ, ಅದೇ ಜಾಗ. ಆಂಜಿನಮ್ಮ ಪಕ್ಕದಲ್ಲಿ ಕುಳಿತು ಬೆನ್ನು ಸವರುತ್ತಿದ್ದಳು. ಎಲೆ ಬಂತು, ಮುದ್ದೆ ಬಂತು. ಕೃಪಾವತಿ ಎಲೆಯ ಮೇಲೆ ಕೈಚಾಚಿ ಕಣ್ಣು ಮುಚ್ಚಿದಳು.

"ಅಪ್ಪಾ, ಬೆಳೆದವರ ಕೈ ನೋಯದಿರಲಿ" ಎಂದಳು, ಗಟ್ಟಿಯಾಗಿ. "ಬೇಯಿಸಿದವರ ಕಣ್ಣು ಉರಿಯದಿರಲಿ. ಹಸಿದವರಿಗೆ ಮೊದಲು..."

ಹಸಿದವನನ್ನು ಇದೇ ಎಲೆಯ ಮುಂದಿನಿಂದ ಎಬ್ಬಿಸಿ ಕಳಿಸಿದವಳು ಅವಳೇ. ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಲೇ ಎಲ್ಲ ಹೇಳಿದಳು: ಅವರ ಹೆಸರು ನರಸಿಂಹಪ್ಪ ಅಲ್ಲ ಅಕ್ಕಾ, ದೇವದಾಸಪ್ಪ, ಯೇಸುಸ್ವಾಮಿ ಒಕ್ಕಲು, ಉಪದೇಶಿ, ಒಪ್ಪೊತ್ತೂ ಸುಳ್ಳು, ಬೇಸಾಯವೂ ಸುಳ್ಳು, ನಾನು ಅವರ ಮಗಳು.

ಆಂಜಿನಮ್ಮನ ಕೈ ಬೆನ್ನಿನಿಂದ ಜಾರಿತು. "ಏಮಿಟೀ?" ಎಂದು ಮುದುಕಿ ಸೊಸೆಯ ಮುಖ ನೋಡಿದಳು. ವೆಂಕಟರತ್ನಮ್ಮನ ಮುಖದಲ್ಲಿ ಮಾತ್ರ ಆಶ್ಚರ್ಯವೇ ಇರಲಿಲ್ಲ.

"ಮೊದಲು ಉಣ್ಣು" ಎಂದಳು. ಅತ್ತೆ ಎದ್ದು ಒಳಗೆ ಹೋದ ಮೇಲೆ ದನಿ ತಗ್ಗಿಸಿದಳು. "ನಂಗೆ ಅವತ್ತಿಂದಾನೂ ಗೊತ್ತು ಕಣಮ್ಮಾ. ನಿಮ್ಮಪ್ಪ ಬಸ್ಸಿಳಿದ ಕೂಡಲೇ ಕೋನಪ್ಪನ ಅಂಗಡೀಲಿ ದಾರಿ ಕೇಳಿ, ಕೈಮುಗಿದು, ನಾನು ಇಂಥೋನು, ಯೇಸುಸ್ವಾಮಿ ಒಕ್ಕಲು, ನಿಮ್ಮ ನರ್ಸಮ್ಮ ನನ್ನ ಮಗಳು ಅಂತ ಎಲ್ಲಾ ಹೇಳಿದ್ರಂತೆ. ಎಷ್ಟು ಜಂಬದಿಂದ ಹೇಳಿದ್ರು ಅಂದ ಕೋನಪ್ಪ. ಅವನು ಬಂದು ನಂಗೆ ಹೇಳೋ ಹೊತ್ತಿಗೆ ಬಸ್ಸು ಹೋಗಿತ್ತು. ಬಾಯಿ ಮುಚ್ಕೊಂಡಿರು ಅಂತ ಅವನಿಗೆ ಹೇಳಿದವಳೂ ನಾನೇ."

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಎರಡು ವರ್ಷ ಸೆರಗಿನಲ್ಲಿ ಮುಚ್ಚಿಟ್ಟ ಕೆಂಡ ಕಾಣಬಾರದವರಿಗೇ ಕಂಡಿತ್ತು. ಸುಟ್ಟುಕೊಂಡವನು ಅಪ್ಪನೊಬ್ಬನೇ.

"ಮತ್ತೆ ನನ್ನ ಯಾಕಕ್ಕಾ ಇಟ್ಕೊಂಡ್ರಿ?"

"ಗೊತ್ತಿರೋದು ಬೇರೆ, ಹೇಳೋದು ಬೇರೆ ಕಣಮ್ಮಾ. ನೀನು ಹೇಳ್ದೆ ಇದ್ದಾಗ ನಾನೂ ಕೇಳ್ದೋಳ ಹಂಗೆ ಇರಬಹುದಾಗಿತ್ತು. ಈಗ ನಮ್ಮತ್ತೆ ಎದುರಿಗೆ ಹೇಳಿದೀಯ. ಇನ್ನು ಹುಳಕ್ಕೆ ಏನಾದ್ರೂ ನಿನ್ನ ತಲೆ ಮೇಲೇ ಬರುತ್ತೆ. ತಿಂಗಳ ಕೊನೆಗೆ ಮನೆ ಬಿಡು." ಅವಳ ಕಣ್ಣೂ ತುಂಬಿತ್ತು. "ನನ್ನ ಮಗಳ ಹೆರಿಗೆಗೆ ಮಾತ್ರ ನೀನೇ ಬರಬೇಕು. ಬೇರೆಯೋರ ಕೈಗೆ ಕೊಡಲ್ಲ."

ಬಾಗಿಲವರೆಗೆ ಹೋದ ಕೃಪಾವತಿಯನ್ನು ವೆಂಕಟರತ್ನಮ್ಮ ಮತ್ತೆ ನಿಲ್ಲಿಸಿದಳು. ಆಗ ಅವಳಿಗೆ ನಿಜವಾಗಿ ಸಿಟ್ಟು ಬಂದಿತ್ತು. "ಒಂದು ಮಾತು ಹೇಳ್ತೀನಿ ಕೇಳು. ಅವತ್ತು ನಿಜ ಹೇಳಿದ್ರೆ ನಡುಮನೆಗೆ ಕರೀತಿರಲಿಲ್ಲ ನಾನು, ಸುಳ್ಯಾಕೆ. ಜಗಲೀಲಿ ಎಲೆ ಹಾಕ್ತಿದ್ದೆ. ಆದ್ರೆ ಹೊಟ್ಟೆ ತುಂಬಾ ಇಕ್ಕಿ ಕಳಿಸ್ತಿದ್ದೆ. ಬಂದ ನೆಂಟನ್ನ ಹಸಿದ ಹೊಟ್ಟೇಲಿ ಕಳಿಸಿದ ಪಾಪ ನನ್ನ ಮನೆಗೂ ಅಂಟಿಸಿದ್ಯಲ್ಲೇ!"

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಕೃಪಾವತಿಯ ಒಲೆ ಈಗ ಉರಿಯುತ್ತಿತ್ತು.

ಮುಂದಿನ ಭಾನುವಾರ ಅವಳು ತೊಂಡೇಬಾವಿಗೆ ಹೋದಳು. ಕಂಬಿಯ ಸದ್ದು ಸ್ಟೇಷನ್ನಿಗೆ ಕೇಳಿಸಲಿಲ್ಲ. ಹೊಸ ಹುಡುಗನ ತೋಳಲ್ಲಿ ಅಷ್ಟು ಕಸುವಿರಲಿಲ್ಲ. ಪ್ರಾರ್ಥನೆಮನೆಗೆ ಹೋಗಿ ಹೆಂಗಸರ ಚಾಪೆಗೆ ಹೋಗದೆ ಬಾಗಿಲ ಹತ್ತಿರ ಚಪ್ಪಲಿಗಳ ಪಕ್ಕದಲ್ಲಿ ಕುಳಿತಳು. ಅಲ್ಲಿಂದ ಬೋಧನೆ ಸರಿಯಾಗಿ ಕೇಳುವುದೂ ಇಲ್ಲ. ಜನ ಒಳಗೆ ಬರುವಾಗ ಅವರ ಕಾಲಿನ ಧೂಳೆಲ್ಲ ಮೈಮೇಲೆ.

ಪ್ರಾರ್ಥನೆ ಮುಗಿದು ಜನ ಏಳುವ ಮುಂಚೆ ಅವಳು ಎದ್ದು ನಿಂತಳು. ಎರಡೂ ಕೈ ಮುಗಿದಳು.

"ನಾನು ಕೃಪಾವತಿ. ಉಪದೇಶಿ ದೇವದಾಸಪ್ಪನ ಮಗಳು" ಎಂದಳು. ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ಹೇಳಬೇಕಿತ್ತು. "ನಮ್ಮಪ್ಪ ಯಾವ ಜಮೀನಿಗೂ ಅರ್ಜಿ ಹಾಕಿಲ್ಲ. ಆ ಹಳೇ ಹೆಸರು ಮೊದಲು ಹೇಳಿದ್ದು ನಾನು. ಬಾಡಿಗೆ ಮನೆ ಉಳಿಸ್ಕೊಳಕ್ಕೆ, ಹಣೆಗೆ ಬೊಟ್ಟಿಟ್ಕೊಂಡು, ನಾನು ಹೇಳ್ದೆ. ನನ್ನ ಮಾನ ಹೋಗಬಾರದು ಅಂತ ಅಪ್ಪ ಹೌದು ಅಂದ. ಊಟದ ಮುಂದೆ ಪ್ರಾರ್ಥನೆ ಹೇಳಿದ್ರೆ ನನ್ನ ಗುಟ್ಟು ಒಡೆಯುತ್ತೆ ಅಂತ ಇಕ್ಕಿದ ಎಲೆ ಬಿಟ್ಟು ಎದ್ದ, ಒಪ್ಪೊತ್ತು ಅಂದ. ತಪ್ಪು ನಂದು. ಅವನ ಹೆಸರಿಗೆ ಅಂಟಿಸಿದ್ದನ್ನ ತೆಗೆದು ನನ್ನ ಹೆಸರಿಗೆ ಹಾಕಿ."

ಜಮೀನಿನ ಮಾತಾಡಿದ್ದವರು ನೆಲ ನೋಡಿದರು. ಜ್ಞಾನಪ್ಪ ರುಮಾಲು ತೆಗೆದು ಮುಖಕ್ಕೆ ಒತ್ತಿಕೊಂಡು, "ಇದನ್ನ ಅವನಿದ್ದಾಗ ಹೇಳಬೇಕಿತ್ತಮ್ಮಾ, ಅವನಿದ್ದಾಗ" ಎಂದು ಅಷ್ಟೇ ಅಂದ.

ಹೆಂಗಸರ ಚಾಪೆಯಲ್ಲಿ ಸಾರಮ್ಮ ಮೆಲ್ಲಗೆ ಎದ್ದಳು. ಮಗಳ ಹತ್ತಿರ ಬಂದು ಅವಳ ಬರಿ ಹಣೆಯನ್ನು ಒಮ್ಮೆ ನೋಡಿದಳು. ಬೊಟ್ಟಿನ ಸುದ್ದಿ ಎತ್ತಲಿಲ್ಲ, ಹೆಸರಿನ ಸುದ್ದಿ ಎತ್ತಲಿಲ್ಲ.

"ಅವತ್ತು ಉಣ್ಣಲೇ ಇಲ್ವೇನೇ ಅವರು?"

"ಇಲ್ಲಮ್ಮಾ."

"ರಾತ್ರಿ ಮನೆಗೆ ಬಂದು ನಂಗೆ ಹೇಳಿದ್ರಲ್ಲೇ. ಹಿದಕಿದ ಬೇಳೆ ಸಾರು ಮಾಡಿದ್ರು, ಮಗಳು ಎದುರಿಗೆ ಕೂತು ಬಡಿಸಿದ್ಲು, ಬೇಡ ಬೇಡ ಅಂದ್ರೂ ಇಕ್ಕಿದ್ಲು ಅಂತ. ನಾನು ಮುದ್ದೆ ಮಾಡ್ಕೊಂಡು ಕಾಯ್ತಿದ್ದೆ. ಹೊಟ್ಟೇಲಿ ಜಾಗ ಇಲ್ಲ ಕಣೇ ಸಾರಾ, ನೀನು ಉಣ್ಣು ಅಂದ್ರು. ಹಂಗೇ ನೀರು ಕುಡಿದು ಮಲಗಿದ್ರು." ಸಾರಮ್ಮ ಬಾಗಿಲ ಪಕ್ಕದ ಆ ಬರಿ ಜಾಗವನ್ನು ನೋಡುತ್ತ ನಿಂತಳು. "ನಾನು ನಂಬಿ ಉಂಡ್ಬಿಟ್ಟೆ" ಎಂದಳು.